ಊದುಬತ್ತಿಯ ಪರಿಮಳ ಮತ್ತು ಹೊಗೆ

ಸಂಜೆ ದೇವರ ಮುಂದೆ ದೀಪ ಹಚ್ಚಿ, ಅದರ ಜೊತೆಗೊಂದು ಊದುಬತ್ತಿ ಹಚ್ಚುವುದು ನಮ್ಮ ಅನೇಕ ಮನೆಗಳ ರೂಢಿ. ಈ ‘ಊದು’ ಬಾಯಿಂದ ಊದುವ ಊದು ಅಲ್ಲ. ಅರಬ್ಬಿ ಭಾಷೆಯಲ್ಲಿ ಅಗರು ಮರಕ್ಕಿರುವ ‘ಊದ್’ ಎಂಬ ಹೆಸರೇ ಇಲ್ಲಿಗೆ ಬಂದಿದೆ. ಅಗರಬತ್ತಿ ಎಂದರೂ ಅದೇ ಮರ. ಇನ್ನು ಗಂಧದಕಡ್ಡಿ ಎಂದರೆ ಶ್ರೀಗಂಧ ನೆನಪಾಗುತ್ತದೆ.

ಗಂಧಕ್ಕೂ ಮೈಸೂರಿಗೂ ಇರುವ ನಂಟು ನಿಮಗೆ ತಿಳಿದದ್ದೇ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ, ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಸರ್ಕಾರಿ ಕಾರ್ಖಾನೆ ಆರಂಭವಾಯಿತು. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಅಂಗಡಿಯ ಅಗ್ಗದ ಕಡ್ಡಿಯಲ್ಲಿ ಅಗರುವನ್ನೋ ಶ್ರೀಗಂಧವನ್ನೋ ಹುಡುಕಿದರೆ ಸಿಗುವುದು ಕಷ್ಟ. ಬಿದಿರಿನ ಕಡ್ಡಿ, ಇದ್ದಿಲ ಪುಡಿ, ಮರದ ಹೊಟ್ಟು, ಅಂಟಿಗಾಗಿ ತೊಗಟೆಯ ಪುಡಿ. ಇವೆಲ್ಲವನ್ನೂ ಸುಗಂಧದ್ರವ್ಯದಲ್ಲಿ ಅದ್ದಿರುತ್ತಾರೆ, ಅಷ್ಟೆ.

ಕಡ್ಡಿ ಉರಿದರೆ ಪರಿಮಳ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಇದು ಅರ್ಧ ಸತ್ಯ. ಕೆಂಡದೊಳಗೆ ಸಿಕ್ಕಿದ ಸುಗಂಧದ್ರವ್ಯ ಸುಟ್ಟುಹೋಗುತ್ತದೆ. ಕೆಂಡಕ್ಕಿಂತ ಸ್ವಲ್ಪ ಕೆಳಗೆ, ಇನ್ನೂ ಬೆಂಕಿ ಮುಟ್ಟದ ಭಾಗಕ್ಕೆ ಶಾಖ ತಗುಲಿ, ಅಲ್ಲಿನ ದ್ರವ್ಯ ಆವಿಯಾಗಿ ಹೊರಡುತ್ತದೆ. ನಮ್ಮನ್ನು ತಲುಪುವ ಪರಿಮಳದ ಹೆಚ್ಚಿನ ಪಾಲು ಇದೇ. ಸುಗಂಧದ ಮೇಣದಬತ್ತಿಯಲ್ಲೂ ಹೀಗೆಯೇ. ಜ್ವಾಲೆಯ ಸುತ್ತ ಕರಗಿ ನಿಂತ ಮೇಣದಿಂದ ವಾಸನೆ ಏಳುತ್ತದೆ. ಅಂದರೆ ಪರಿಮಳ ಹುಟ್ಟುವುದು ಆವಿಯಾಗುವುದರಿಂದ, ಹೊಗೆ ಹುಟ್ಟುವುದು ಅರೆಬರೆ ಉರಿಯುವುದರಿಂದ. ಒಂದೇ ಕಡ್ಡಿಯಿಂದ ಹೊರಟರೂ ಎರಡೂ ಬೇರೆ ಬೇರೆ.

ಈ ವ್ಯತ್ಯಾಸ ಮೂಗಿಗೆ ತಿಳಿಯುವುದಿಲ್ಲ. ವಾಸನೆಯನ್ನು ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿವೆ. ಇವುಗಳ ಜೀನುಗಳನ್ನು 1991ರಲ್ಲಿ ಪತ್ತೆಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಇಷ್ಟು ಸೂಕ್ಷ್ಮವಾದ ಮೂಗಿಗೂ ಒಂದು ಸ್ವಭಾವವಿದೆ. ಒಂದೇ ವಾಸನೆ ಕೆಲವು ನಿಮಿಷ ಬರುತ್ತಲೇ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಹೊರಗಿನಿಂದ ಬಂದ ನೆಂಟರು “ಎಂಥ ಘಮ!” ಎನ್ನುವಾಗ, ಒಳಗಿದ್ದವರಿಗೆ ಏನೂ ತಿಳಿದಿರುವುದಿಲ್ಲ. ಪರಿಮಳ ಹೋಯಿತೆಂದು ಇನ್ನೊಂದು ಕಡ್ಡಿ ಹಚ್ಚುತ್ತಾರೆ. ಮೊದಲನೆಯ ಕಡ್ಡಿಯ ಹೊಗೆ ಮಾತ್ರ ಕೋಣೆಯಲ್ಲೇ ಇರುತ್ತದೆ.

ಆ ಹೊಗೆಯಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿವೆ. ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲೂ ಇಲ್ಲ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಗಾಳಿಯ ಒಂದು ಘನ ಮೀಟರಿನಲ್ಲಿ ಇಂಥ ಕಣಗಳು ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಇದ್ದಿಲು, ಊದುಬತ್ತಿ, ಬೀಡಿ ಯಾವುದರದಾದರೂ ಹೊಗೆ ಹೊಗೆಯೇ. ಊದುಬತ್ತಿ ಗಾಳಿಯನ್ನು ಶುದ್ಧಮಾಡುತ್ತದೆ ಎಂಬುದೂ ಸರಿಯಲ್ಲ; ಕೆಟ್ಟ ವಾಸನೆಯನ್ನು ಮರೆಮಾಡುತ್ತದೆ, ಅಷ್ಟೆ.

ಹಾಗಾದರೆ ಹಿರಿಯರು ತಪ್ಪು ಮಾಡಿದರೇ? ಅವರ ಮನೆಗೆ ತೊಟ್ಟಿಯಿತ್ತು, ಗವಾಕ್ಷಿಯಿತ್ತು, ಹೆಂಚಿನ ಸಂದುಗಳಿದ್ದವು. ಹೊಗೆ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ನಾವು ಸೊಳ್ಳೆಗೆ ಹೆದರಿ, ದೀಪ ಹಚ್ಚುವ ಹೊತ್ತಿಗೇ ಸರಿಯಾಗಿ ಕಿಟಕಿಗಳನ್ನೆಲ್ಲ ಮುಚ್ಚುತ್ತೇವೆ. ಅದೇ ಕೋಣೆಯಲ್ಲಿ ತೊಟ್ಟಿಲ ಮಗುವೂ ಇರುತ್ತದೆ, ಉಬ್ಬಸದ ಅಜ್ಜಿಯೂ ಇರುತ್ತಾರೆ.

ರೂಢಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಕಟ್ಟು ಹಚ್ಚುವಲ್ಲಿ ಒಂದು ಕಡ್ಡಿ ಸಾಕು. ಮಂಗಳಾರತಿ ಮುಗಿದ ಮೇಲೆ ಅದನ್ನೂ ಆರಿಸಬಹುದು. ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನು ನೆನಪಿಸಿಕೊಳ್ಳಿ. ಅದಕ್ಕೆ ಬೆಂಕಿ ಬೇಡ, ಮೈಯ ಬಿಸುಪೇ ಪರಿಮಳವನ್ನು ಎಬ್ಬಿಸುತ್ತದೆ. ಊದುಬತ್ತಿಯೇ ಬೇಕೆಂದರೆ, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ದೀಪ ಹಚ್ಚುವಾಗ ಅದನ್ನು ತೆರೆದಿಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.