ನಾಟ್ಯವೇದ ಯಾರದು?

(ಜಾತ್ರಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದಿನ ಸಭೆಗೆ ವ್ಯವಸ್ಥಾಪಕ ಮಂಡಳಿಯವರು ‘ಕಲೆ ಮತ್ತು ಸಮಾಜ’ ಎಂಬ ವಿಷಯವನ್ನು ಇಟ್ಟುಕೊಂಡಿದ್ದಾರೆ. ಕಲೆಯೆಂದರೆ ಉಂಡ ಮೇಲೆ ಹಾಕಿಕೊಳ್ಳುವ ತಾಂಬೂಲವಿದ್ದಂತೆ, ಇದ್ದರೆ ಸಂತೋಷ, ಇಲ್ಲದಿದ್ದರೆ ಊಟಕ್ಕೇನೂ ಕೊರತೆಯಿಲ್ಲ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಈ ಭಾವನೆ ಸರಿಯಾದುದಲ್ಲ. ಒಂದು ಜನಾಂಗವು ತನ್ನನ್ನು ತಾನು ‘ನಾವು’ ಎಂದು ಕರೆದುಕೊಳ್ಳುವುದನ್ನು ಕಲಿಯುವುದು ಬಹುಮಟ್ಟಿಗೆ ಹಾಡಿನಿಂದ, ಆಟದಿಂದ, ಕಥೆಯಿಂದ. ರಾಜಶಾಸನವು ಆಮೇಲೆ ಬರತಕ್ಕದ್ದು.

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಇಂದ್ರಾದಿಗಳು ಬ್ರಹ್ಮದೇವನಲ್ಲಿಗೆ ಹೋಗಿ, ವೇದವನ್ನು ಶೂದ್ರರಿಗೆ ಕೇಳಿಸಲಾಗದು, ಆದುದರಿಂದ ಎಲ್ಲ ವರ್ಣದವರಿಗೂ ಸಲ್ಲುವಂಥ ಐದನೆಯ ವೇದವೊಂದನ್ನು ಕರುಣಿಸು ಎಂದು ಬೇಡಿಕೊಂಡರು. ಆಗ ಹುಟ್ಟಿದ್ದು ನಾಟ್ಯವೇದ. ಭರತಮುನಿಯು ತನ್ನ ನೂರು ಮಂದಿ ಮಕ್ಕಳಿಗೆ ಅದನ್ನು ಕಲಿಸಿ, ಇಂದ್ರಧ್ವಜದ ಮಹೋತ್ಸವದಲ್ಲಿ ಮೊದಲನೆಯ ಪ್ರಯೋಗವನ್ನು ಮಾಡಿಸಿದನು. ಕಥೆ ಯಾವುದು? ದೇವತೆಗಳು ದೈತ್ಯರನ್ನು ಗೆದ್ದ ಕಥೆ. ದೇವತೆಗಳು ಸಂತೋಷಗೊಂಡರು. ಸಭೆಯಲ್ಲಿದ್ದ ದೈತ್ಯರಿಗೆ ಮಾತ್ರ ಸಹಿಸದಾಯಿತು. ಅವರು ವಿಘ್ನಗಳನ್ನು ಕೂಡಿಕೊಂಡು ನಟರ ಮಾತು, ಚಲನೆ, ನೆನಪುಗಳನ್ನೇ ಸ್ತಂಭಿಸಿಬಿಟ್ಟರು. ಇಂದ್ರನು ಧ್ವಜದ ಕೋಲನ್ನೆತ್ತಿ ಅವರನ್ನು ಬಡಿದನು. ಆದರೆ ಬಡಿದ ಮಾತ್ರಕ್ಕೆ ಕಲಹ ಮುಗಿಯಲಿಲ್ಲ. ಕೊನೆಗೆ ಬ್ರಹ್ಮನೇ ದೈತ್ಯರನ್ನು ಕರೆದು, ನೀವೇಕೆ ನಾಟ್ಯವನ್ನು ಕೆಡಿಸುತ್ತೀರಿ ಎಂದು ಕೇಳಿದನು. ಅವರ ಉತ್ತರವನ್ನು ತಾವು ಲಕ್ಷ್ಯಗೊಟ್ಟು ಕೇಳಬೇಕು. ದೇವತೆಗಳು ಹೇಗೋ ಹಾಗೆ ನಾವೂ ನಿನ್ನಿಂದಲೇ ಹುಟ್ಟಿದವರು. ದೇವತೆಗಳಿಗಾಗಿ ನಮ್ಮನ್ನು ಅವಮಾನಗೊಳಿಸುವ ಆಟವನ್ನು ನೀನು ಮಾಡಬಾರದಿತ್ತು ಎಂದರು. ಆಗ ಬ್ರಹ್ಮನು ಅವರನ್ನು ಸಂತೈಸಿ, ಈ ನಾಟ್ಯವು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕಗಳ ಭಾವವನ್ನೆಲ್ಲ ತೋರಿಸತಕ್ಕದ್ದು ಎಂದು ತಿಳಿಯಹೇಳಿದನು.

ಈ ಪ್ರಸಂಗದಲ್ಲಿ ಎರಡು ತತ್ತ್ವಗಳಿವೆ. ಕಲೆಯು ಜನರನ್ನು ಒಂದುಗೂಡಿಸುತ್ತದೆಂಬುದು ಮೊದಲನೆಯದು. ಹಾಗೆ ಒಂದುಗೂಡಿದಾಗ ಹೊರಗುಳಿದವರಾರು ಎಂದು ಕೇಳಿಕೊಳ್ಳಬೇಕೆಂಬುದು ಎರಡನೆಯದು. ಮೊದಲನೆಯದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ.

ಬ್ರಿಟಿಷರ ಕಾಲದಲ್ಲಿ ಕನ್ನಡ ನೆಲವು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ನಡುನಡುವೆ ಚಿಕ್ಕಪುಟ್ಟ ಸಂಸ್ಥಾನಗಳು ಬೇರೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಶಾಲೆಯೂ ಕಚೇರಿಯೂ ಮರಾಠಿಮಯವಾಗಿದ್ದ ದಿವಸಗಳು ಅವು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಹೆಣಗಿದರು. ಜೊತೆಗೆ ಷೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ಕನ್ನಡಕ್ಕೆ ತಂದರು. ಊರೂರಿಗೆ ಬರುತ್ತಿದ್ದ ಮರಾಠಿ ನಾಟಕ ಮಂಡಳಿಗಳ ಆಟವನ್ನು ಕನ್ನಡಿಗರೇ ಹಣ ಕೊಟ್ಟು ನೋಡುತ್ತಿದ್ದರು. ಆಗ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, ಶಾಲೆಯ ಮಾಸ್ತರಿಕೆ ಮಾಡುತ್ತಿದ್ದವರು, ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ನಮ್ಮ ಭಾಷೆಯಲ್ಲಿಯೂ ಆಟವಾದೀತೆ ಎಂದು ಸಂಶಯಪಡುತ್ತಿದ್ದ ಜನ ತಮ್ಮ ಮಾತನ್ನು ರಂಗದ ಮೇಲೆ ಕೇಳಿ ತಲೆಯೆತ್ತಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿದಾಗ, ಆ ನೆಲೆಗೆ ವಿಜಯನಗರವೆಂದು ಹೆಸರಿಟ್ಟರು, ನೀರಿಗೆ ತೋಡಿದ ಬಾವಿಯನ್ನು ಪಂಪಾ ಸರೋವರವೆಂದು ಕರೆದರು. ಗದಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ಬರೆದ ನಾಡಗೀತೆಯು ಅಲ್ಲಿ ಮೊಳಗಿತು. ಆಗ ಕರ್ನಾಟಕವೆಂಬ ರಾಜ್ಯ ಯಾವ ಸರಕಾರದ ನಕಾಶೆಯಲ್ಲಿಯೂ ಇರಲಿಲ್ಲ. ಹಾಡಿನಲ್ಲಿತ್ತು, ಹಾಡಿದವರ ಎದೆಯಲ್ಲಿತ್ತು. ಏಕೀಕರಣದ ಸಭೆಗಳು, ಮನವಿಗಳು, 1953ರ ಅದರಗುಂಚಿ ಶಂಕರಗೌಡರ ಉಪವಾಸ, ಇವೆಲ್ಲವುಗಳ ತರುವಾಯ 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಮೂವತ್ತೆರಡು ವರುಷ ಹಾಡು ಮುಂದೆ ನಡೆಯಿತು, ಕಾಗದ ಹಿಂದಿನಿಂದ ಬಂದಿತು.

ಇನ್ನೊಂದು ಉದಾಹರಣೆ ನಮಗೆ ಬಲು ಸಮೀಪದ್ದು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸಿದರು. ಆ ಪುಣ್ಯಪುರುಷರ ಋಣ ತೀರುವಂಥದಲ್ಲ. ಆದರೆ ಆ ಕಾಲದಲ್ಲಿ ಅಕ್ಷರ ಬಲ್ಲವರೆಷ್ಟು ಮಂದಿ? ಪುಸ್ತಕ ಮುಟ್ಟದ ಮನೆಯನ್ನು ನಾಟಕ ಮುಟ್ಟಿತು. ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದಿಂದ ‘ಜಗಜ್ಯೋತಿ ಬಸವೇಶ್ವರ’ ನಾಟಕವನ್ನಾಡಿದರು. ಬಸವಣ್ಣನವರ ಪಾತ್ರದಲ್ಲಿ ಅವರು ರಂಗಕ್ಕೆ ಬಂದರೆ ಪ್ರೇಕ್ಷಕರು ನಟನೆಂಬುದನ್ನು ಮರೆತು ಕೈಮುಗಿಯುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. 2017ರಲ್ಲಿ, ನೂರು ವರುಷ ದಾಟಿದ ತುಂಬು ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಓದುಬರಹವಿಲ್ಲದ ಒಕ್ಕಲಿಗನೊಬ್ಬನು ಬಸವಣ್ಣನವರು ನಮ್ಮವರು ಎಂದು ಎದೆ ತಟ್ಟಿ ಹೇಳುವಂತಾದುದರಲ್ಲಿ ಇಂಥ ನಟರ ಪಾಲು ದೊಡ್ಡದು.

ಇಲ್ಲಿಯವರೆಗೆ ಕೇಳುವುದು ಸುಖ. ಇನ್ನು ಮುಂದಿನದು ಸ್ವಲ್ಪ ಕಹಿ. ಔಷಧವೆಂದು ತೆಗೆದುಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ನಾವು ಒಂದೂರಿಗೆ ಪಾದಯಾತ್ರೆಯಲ್ಲಿ ಹೋಗಿದ್ದೆವು. ಊರ ಹೆಸರು ಬೇಡ. ಹಿಂದಿನ ರಾತ್ರಿ ಅಲ್ಲಿ ಬಸವೇಶ್ವರ ನಾಟಕವಾಗಿತ್ತು. ಹರಳಯ್ಯನವರು ಶರಣು ಎಂದಾಗ ಬಸವಣ್ಣನವರು ಶರಣು ಶರಣಾರ್ಥಿ ಎಂದು ಎರಡು ಪಟ್ಟು ಹಿಂದಿರುಗಿಸಿದ, ಆ ಭಾರವನ್ನು ತಾಳಲಾರದೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಹೊಲಿದ ಪ್ರಸಂಗ ತಮಗೆಲ್ಲ ಗೊತ್ತಿದೆ. ಆ ದೃಶ್ಯಕ್ಕೆ ಇಡೀ ಊರು ಅತ್ತಿತಂತೆ. ಹರಳಯ್ಯನ ಪಾತ್ರ ಮಾಡಿದವನು ಕೆಳಗೇರಿಯ ಹುಡುಗ. ಬಸವಣ್ಣನ ಪಾತ್ರ ಗೌಡರ ಮಗನದು. ರಂಗದ ಮೇಲೆ ಗೌಡರ ಮಗ ಆ ಹುಡುಗನಿಗೆ ತಲೆಬಾಗಿದನು. ಮರುದಿನ ಬೆಳಿಗ್ಗೆ ಅದೇ ಹುಡುಗನಿಗೆ ಚಹಾದಂಗಡಿಯಲ್ಲಿ ಬೇರೆ ಕಪ್ಪು. ಅವನು ಅದನ್ನು ತಾನೇ ತೊಳೆದು ಗೂಡಿನಲ್ಲಿಟ್ಟನು. ಹಾಗಾದರೆ ರಾತ್ರಿಯ ಕಣ್ಣೀರು ಎಲ್ಲಿಗೆ ಹೋಯಿತು?

ಹೆಣ್ಣುಮಕ್ಕಳ ಮಾತನ್ನೂ ಹೇಳಬೇಕು. ಕಂಪನಿಯ ತಾಯಿಯೊಬ್ಬಳು ನೀಲಾಂಬಿಕೆಯ ಪಾತ್ರದಲ್ಲಿ ಬಂದರೆ ಕೈಮುಗಿಯುತ್ತೇವೆ. ಬಣ್ಣ ತೊಳೆದು ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕುತ್ತೇವೆ. ಪಾತ್ರಕ್ಕೆ ಗೌರವ, ಪಾತ್ರಧಾರಿಗೆ ತಿರಸ್ಕಾರ. ಇದು ಯಾವ ಧರ್ಮ?

ದೈತ್ಯರು ಬ್ರಹ್ಮನನ್ನು ಕೇಳಿದ ಪ್ರಶ್ನೆ ಈಗ ನೆನಪಾಗಬೇಕು. ನಾವು ಯಾರನ್ನೂ ದೈತ್ಯರಿಗೆ ಹೋಲಿಸುತ್ತಿಲ್ಲ. ಹೋಲಿಕೆ ಪ್ರಶ್ನೆಗೆ ಮಾತ್ರ. ನಾವೂ ನಿನ್ನಿಂದಲೇ ಹುಟ್ಟಿದವರಲ್ಲವೇ ಎಂಬ ಪ್ರಶ್ನೆಯನ್ನು ಕೇಳಿ ಕೇಳಿ ಉತ್ತರ ಸಿಗದಾಗ, ಹೊರಗುಳಿದವರು ತಮ್ಮ ಹಾಡನ್ನು ತಾವೇ ಕಟ್ಟಿಕೊಂಡರು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಅವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯವರು ಜಾಥಾಗಳಲ್ಲಿ ತಮಟೆ ಬಡಿದು ಹಾಡಿದರು. ಅದನ್ನು ಕೇಳಿ ಕೆಲವರು ಸಿಟ್ಟಾದರು, ಇದೆಂಥ ಕಾವ್ಯ ಎಂದರು. ಇಂದ್ರನ ಹಾಗೆ ಕೋಲೆತ್ತುವುದು ಸುಲಭ. ಬ್ರಹ್ಮನ ಹಾಗೆ ಕರೆದು ಕೂಡಿಸಿಕೊಂಡು ಕೇಳುವುದು ಕಠಿಣ. ನಾಡಗೀತೆಯು ನಾಡನ್ನು ಒಂದುಗೂಡಿಸಿದ್ದು ನಿಜವಾದರೆ, ಆ ನಾಡಿನೊಳಗೆ ನಮ್ಮ ಪಾಲೆಲ್ಲಿ ಎಂದು ಕೇಳಿದ ಈ ಹಾಡೂ ಅದೇ ಕನ್ನಡದ್ದು. ಎರಡನ್ನೂ ಕೇಳಬಲ್ಲ ಕಿವಿ ನಮಗಿರಬೇಕು.

ಕಲೆಯ ಶಕ್ತಿಯನ್ನು ಅರಿತವರು ಅದನ್ನು ಮತಕ್ಕಾಗಿಯೂ ಬಳಸುತ್ತಾರೆ, ಓಟಿಗಾಗಿಯೂ ಬಳಸುತ್ತಾರೆ. ನಾಟಕಕ್ಕೆ ದೇಣಿಗೆ ಕೊಟ್ಟವರು, ನಮ್ಮವರನ್ನು ಹೊಗಳುವ, ಬೇರೆಯವರನ್ನು ತೆಗಳುವ ಎರಡು ಮಾತು ಸೇರಿಸಿರಿ ಎನ್ನುವುದುಂಟು. ಅಂಥ ಹಣದಿಂದ ಆಡುವ ನಾಟಕಕ್ಕಿಂತ ಕತ್ತಲೆಯಲ್ಲಿ ಕೂಡ್ರುವುದೇ ಲೇಸು. ನಾಟ್ಯವು ಮೂರು ಲೋಕದ್ದೆಂದು ಸಾಕ್ಷಾತ್ ಬ್ರಹ್ಮನೇ ಒಪ್ಪಿದ ಮೇಲೆ, ಅದನ್ನು ಒಂದು ಓಣಿಯ ಸೊತ್ತಾಗಿ ಮಾಡಲು ನಾವಾರು?

ಇಂದು ರಾತ್ರಿ ಈ ಮಂಟಪದಲ್ಲಿಯೂ ನಾಟಕವಿದೆ. ಸದ್ಭಕ್ತರೆಲ್ಲರೂ ನೋಡಬೇಕು, ಅಳು ಬಂದರೆ ಅಳಬೇಕು, ಆ ಅಳು ಹೃದಯವನ್ನು ತೊಳೆಯುವ ಗಂಗೆ. ಆಟ ಮುಗಿದ ಮೇಲೆ ದಾಸೋಹದಲ್ಲಿ ನಟರು, ವಾದ್ಯದವರು, ಪರದೆ ಎಳೆಯುವವರು, ಕೆಳಗೇರಿಯವರು, ಮೇಲುಗೇರಿಯವರು ಒಂದೇ ಪಂಕ್ತಿಯಲ್ಲಿ ಕೂಡ್ರತಕ್ಕದ್ದು. ನಾವೂ ಆ ಪಂಕ್ತಿಯಲ್ಲಿಯೇ ಪ್ರಸಾದ ಸ್ವೀಕರಿಸುತ್ತೇವೆ. ಇಷ್ಟಕ್ಕೇ ಮುಗಿಯಲಿಲ್ಲ. ಮಠದ ಪಂಕ್ತಿಯಲ್ಲಿ ಸ್ವಾಮಿಗಳ ದಾಕ್ಷಿಣ್ಯಕ್ಕೆ ಕೂಡ್ರುವುದು ದೊಡ್ಡ ಮಾತಲ್ಲ. ನಾಳೆ ತಮ್ಮ ತಮ್ಮ ಊರಿಗೆ ಹೋದ ಮೇಲೆ, ಚಹಾದಂಗಡಿಯ ಗೂಡಿನಲ್ಲಿ ಬೇರೆಯಾಗಿಟ್ಟ ಕಪ್ಪು ಕಣ್ಣಿಗೆ ಬಿದ್ದರೆ, ಆ ಕಪ್ಪಿನಲ್ಲಿಯೇ ತಾವು ಚಹಾ ಕೇಳಿ ಕುಡಿಯಿರಿ. ಎರಡು ದಿನ ಹತ್ತು ಮಂದಿ ಹಾಗೆ ಕುಡಿದರೆ ಅಂಗಡಿಯವನೇ ಆ ಗೂಡನ್ನು ಕಿತ್ತುಹಾಕುತ್ತಾನೆ. ಅಂಥ ಧೈರ್ಯವನ್ನು ಶಿವನು ತಮಗೆಲ್ಲರಿಗೂ ಕರುಣಿಸಲಿ, ನಮ್ಮ ಕಲಾವಿದರಿಗೆ ಆಯುರಾರೋಗ್ಯ ಭಾಗ್ಯವಿರಲಿ ಎಂದು ಹಾರೈಸಿ ನಮ್ಮ ಮಾತುಗಳಿಗೆ ಮಂಗಲ ಹಾಡುತ್ತೇವೆ.

ಸರ್ವರಿಗೂ ಶುಭವಾಗಲಿ.