ಸೈನ್ಯ ಹೊರಟ ಮೇಲೆ



ನಮ್ಮ ಸೊಲ್ಲಾಪುರಕ್ಕೂ ಅರಬ್ಬೀ ಸಮುದ್ರದಾಚೆಯ ಏಡನ್ ಬಂದರಿಗೂ ಹಳೆಯದೊಂದು ನಂಟುಂಟು. 1839ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಏಡನ್ನನ್ನು ಗೆದ್ದುಕೊಂಡವು. ಅಂದಿನಿಂದ 1932ರವರೆಗೆ ಅದು ನಮ್ಮಂತೆಯೇ ಮುಂಬಯಿ ಸರಕಾರದ ಆಡಳಿತಕ್ಕೆ ಒಳಪಟ್ಟಿತ್ತು.

1930ರ ಮೇ ತಿಂಗಳಲ್ಲಿ ಲಷ್ಕರಿ ಕಾಯ್ದೆಯನ್ನು ಅನುಭವಿಸಿದ ಊರು ನಮ್ಮದು. ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರು 1931ರ ಜನವರಿ 12ರಂದು ಗಲ್ಲಿಗೇರಿದರು. ಪರರ ಸೈನ್ಯ ಬೀದಿಗಿಳಿದರೆ ಏನಾಗುವುದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಸೈನ್ಯ ಹೊರಡುವ ಬಗೆಯನ್ನು ಕುರಿತು ನಾವು ವಿಚಾರ ಮಾಡಿದ್ದು ಕಡಿಮೆ.

1948ರ ಫೆಬ್ರುವರಿ 28ರಂದು ಕೊನೆಯ ಬ್ರಿಟಿಷ್ ದಳವು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮೂಲಕ ಹಡಗೇರಿತು. ಭಾರತೀಯ ಸೈನಿಕರು ಗೌರವ ವಂದನೆ ಸಲ್ಲಿಸಿ ಬೀಳ್ಕೊಟ್ಟರು. ವಿಭಜನೆಯ ರಕ್ತಪಾತ ನಡೆದಿತ್ತು, ನಿಜ. ಆದರೂ ಅಧಿಕಾರವನ್ನು ವಹಿಸಿಕೊಳ್ಳಲು ಸರಕಾರವಿತ್ತು, ಸಂವಿಧಾನ ಸಭೆಯಿತ್ತು.

ಏಡನ್ನಿನಲ್ಲಿ ಹಾಗಾಗಲಿಲ್ಲ. ಅಲ್ಲಿಯ ಅನೇಕರ ವಿರೋಧವಿದ್ದರೂ 1963ರಲ್ಲಿ ಆ ನಗರವನ್ನು ಸುಲ್ತಾನರ, ಶೇಖರ ಸೀಮೆಗಳ ಒಕ್ಕೂಟಕ್ಕೆ ಸೇರಿಸಲಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. 1968ರೊಳಗೆ ಸ್ವಾತಂತ್ರ್ಯ ಕೊಡುವೆವು, ಸೇನಾ ನೆಲೆಯನ್ನು ಉಳಿಸಿಕೊಳ್ಳುವೆವು ಎಂದು 1964ರಲ್ಲಿ ಬ್ರಿಟನ್ ಹೇಳಿತು. 1966ರ ಫೆಬ್ರುವರಿಯಲ್ಲಿ ನೆಲೆಯನ್ನೂ ತೆಗೆಯುವೆವು, ರಕ್ಷಣೆಯ ಹೊಣೆಯನ್ನೂ ಹೊರಲಾರೆವು ಎಂದಿತು. ಆ ಮಾತನ್ನು ನಂಬಿದ್ದ ಒಕ್ಕೂಟದ ಮಂತ್ರಿಗಳು ನಡುನೀರಿನಲ್ಲಿ ಉಳಿದರು. ವಿಮೋಚನೆಗಾಗಿ ಹೋರಾಡುತ್ತಿದ್ದ ಎರಡು ಸಂಘಟನೆಗಳು ಪರಸ್ಪರರ ಮೇಲೆಯೇ ಬಂದೂಕು ಹಿಡಿದವು. 1967ರ ಜೂನ್ 20ರಂದು ಸ್ಥಳೀಯ ಪಡೆ, ಪೊಲೀಸರು ತಿರುಗಿಬಿದ್ದರು. ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಮಡಿದರು. ಒಕ್ಕೂಟ ಕುಸಿಯಿತು. ಗೆದ್ದ ರಾಷ್ಟ್ರೀಯ ವಿಮೋಚನಾ ರಂಗದೊಡನೆ ಜಿನೀವಾದಲ್ಲಿ ಮಾತುಕತೆ ಆರಂಭವಾದದ್ದು ನವೆಂಬರದ ಕೊನೆಯ ದಿನಗಳಲ್ಲಿ. ನವೆಂಬರ್ 29ರಂದು ಕೊನೆಯ ದಳ ಹೊರಟಿತು. ಮರುದಿನ ದಕ್ಷಿಣ ಯೆಮೆನ್ ಸ್ವತಂತ್ರವಾಯಿತು. 128 ವರ್ಷಗಳ ಆಳ್ವಿಕೆಯ ಹಸ್ತಾಂತರಕ್ಕೆ ದೊರೆತ ಅವಧಿ ಹೆಚ್ಚು ಕಡಿಮೆ ಒಂದು ವಾರ!

ಪರಕೀಯ ಸೈನ್ಯ ಹೋಗಲೇಬೇಕಾಗಿತ್ತು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹೋಗುವವರು ದಿನಾಂಕವನ್ನು ಮಾತ್ರ ಗೊತ್ತುಮಾಡಬಲ್ಲರು. ಅನಂತರ ನಾಡನ್ನು ನಡೆಸುವವರು ಅದಕ್ಕಿಂತ ಮೊದಲೇ ಸಿದ್ಧರಾಗಿರಬೇಕು. ಆ ಸಿದ್ಧತೆ ಸಭೆಗಳಲ್ಲಿ, ಪಂಚಾಯತಿಗಳಲ್ಲಿ, ಇಂಥ ಶಾಲೆಗಳಲ್ಲಿ ನಡೆಯತಕ್ಕದ್ದು. ನಮ್ಮ ಮಕ್ಕಳು 'ಬ್ರಿಟಿಷರು ಬಿಟ್ಟು ಹೋದರು' ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದರೆ ಸಾಲದು. 'ಯಾರ ಕೈಗೆ, ಹೇಗೆ ಕೊಟ್ಟು ಹೋದರು?' ಎಂದು ಕೇಳಲು ಕಲಿಯಲಿ. ನೂರು ವರ್ಷ ತುಂಬಿದ ಈ ಶಾಲೆ ಆ ಪ್ರಶ್ನೆಯನ್ನು ಕಲಿಸುತ್ತಲೇ ಇರಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.