ಪ್ರೂಫ್ ನೋಡದೆ ಸಹಿ ಹಾಕಬೇಡಿ!

(ಸಂಘದ ತಿಂಗಳ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಕುಳಿತವನು. ಆಮೇಲೆ ಆಫ್‌ಸೆಟ್ ಬಂತು, ಡಿಟಿಪಿ ಬಂತು. ಗೋಕಾಕ್ ಚಳವಳಿ ನಡೆದ 1982ರಲ್ಲಿ ನಾನು ತೊಟ್ಟಿಲ ಕೂಸು. ಆದರೆ ಆ ಚಳವಳಿಯ ಕರಪತ್ರ ಅಚ್ಚು ಮಾಡಿದ ಮಷಿನ್ನಿನ ಸದ್ದು ಕೇಳಿಯೇ ಬೆಳೆದವನು. ಇಲ್ಲಿ ಪ್ರತಿ ಸಲ ನಾಮಫಲಕದ ಬಗ್ಗೆ, ಬ್ಯಾಂಕಿನ ಚಲನ್ ಬಗ್ಗೆ, ರೈಲ್ವೆ ಪರೀಕ್ಷೆಯ ಬಗ್ಗೆ ಮಾತಾಡುತ್ತೇವೆ. ಇವತ್ತು ನಾನು ಮಾತಾಡುವುದು ಮನೆ ಮುರಿದಾಗ ಬರೆಯುವ ಕಾಗದದ ಬಗ್ಗೆ. ವಿಚ್ಛೇದನದ ಬಗ್ಗೆ.

ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಕನ್ನಡ ಸಂಘದಲ್ಲಿ ಇದೇಕೆ ಅಂತ. ಹೇಳುತ್ತೇನೆ ಕೇಳಿ. ನನ್ನ ಸ್ವಂತ ತಂಗಿಯ ವಿಷಯವಿದು. ಅವಳೇ, "ಹೇಳು ಅಣ್ಣಾ, ನಾಲ್ಕು ಜನಕ್ಕೆ ಉಪಯೋಗವಾಗಲಿ" ಅಂದದ್ದರಿಂದ ಹೇಳುತ್ತಿದ್ದೇನೆ.

ಬಾಂಡ್ ಪೇಪರ್ ಎಂಬ ಮೋಸ

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ವರ್ಷಗಳ ಹಿಂದೆ ನಮ್ಮ ಡಿಟಿಪಿಗೆ ನಾಲ್ಕು ಜನ ಹಿರಿಯರು ಬಂದರು. ಕೈಯಲ್ಲಿ ಛಾಪಾ ಕಾಗದ. "ನ್ಯಾಯ ಪಂಚಾಯ್ತಿ ಮುಗಿದಿದೆ, ಗಂಡ ಹೆಂಡತಿ ಬೇರೆಯಾಗಿದ್ದಾರೆ ಅಂತ ಟೈಪ್ ಮಾಡಿಕೊಡಪ್ಪ" ಅಂದರು. ಮಾಡಿಕೊಟ್ಟೆ. ದುಡ್ಡು ತೆಗೆದುಕೊಂಡೆ. ಹೆಣ್ಣುಮಗಳು ಹೊರಗೆ ಜಗಲಿಯ ಮೇಲೆ ಕುಳಿತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಗೊತ್ತಾಯಿತು. ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ. ಆ ಸಮುದಾಯದ ರೂಢಿ ಹಾಗಿದೆ ಎಂದು ಸಾಬೀತು ಮಾಡಿದರೆ ಹೊರತು ಛಾಪಾ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆ ಹೆಣ್ಣುಮಗಳು ಬಿಡುಗಡೆಯೂ ಇಲ್ಲ, ಜೀವನಾಂಶವೂ ಇಲ್ಲ ಅನ್ನುವ ಸ್ಥಿತಿಗೆ ಬಂದಳು. ಅದಕ್ಕೆ ಅಕ್ಷರ ಜೋಡಿಸಿದವನು ನಾನು! ಅಂದಿನಿಂದ ಅಂಥ ಕೆಲಸ ನಮ್ಮ ಪ್ರೆಸ್ಸಿನಲ್ಲಿ ಬಂದ್.

ತಂಗಿಯ ಸಂಸಾರ ಕೆಟ್ಟಾಗ ನಮ್ಮ ಮನೆಯಲ್ಲೂ ಮೊದಲು ಎದ್ದ ಮಾತು ಪಂಚಾಯ್ತಿಯದೇ. ಬೇಡ ಅಂದೆ. ಕೋರ್ಟಿಗೆ ಹೋದೆವು. ಆಮೇಲೆ ಶುರುವಾದದ್ದು ತಾರೀಖಿನ ಮೇಲೆ ತಾರೀಖು. ಸಾಕ್ಷಿ ಬಂದರೆ ವಕೀಲರಿಲ್ಲ, ವಕೀಲರು ಬಂದರೆ ಸಾಹೇಬರು ರಜೆ. ಮಗು ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸಿಗೆ ಹೋಯಿತು, ಕೇಸು ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ನ್ಯಾಯಾಧೀಶರೇ, "ಮಧ್ಯಸ್ಥಿಕೆಗೆ ಹೋಗುತ್ತೀರಾ?" ಅಂತ ಕೇಳಿದರು.

ಮಧ್ಯಸ್ಥಿಕೆ ಅಂದರೇನು?

ನಮ್ಮಲ್ಲಿ ಅನೇಕರಿಗೆ ಮಧ್ಯಸ್ಥಿಕೆ ಅಂದರೆ ಮತ್ತದೇ ಪಂಚಾಯ್ತಿ. ಅಲ್ಲ ಬಂಧುಗಳೇ! ಪಂಚಾಯ್ತಿಯಲ್ಲಿ ಹಿರಿಯರು ತೀರ್ಪು ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಮಧ್ಯಸ್ಥಿಕೆಯಲ್ಲಿ ಮಧ್ಯಸ್ಥಗಾರರಿಗೆ ತೀರ್ಪು ಹೇಳುವ ಅಧಿಕಾರವೇ ಇಲ್ಲ. ಅವರು ತರಬೇತಿ ಪಡೆದವರು, ಹೆಚ್ಚಿನವರು ವಕೀಲರೇ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುತ್ತಾರೆ, ಬೇರೆ ಬೇರೆಯಾಗಿಯೂ ಕೂರಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟು. ಅದನ್ನು ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಎಳೆಯುವಂತಿಲ್ಲ. ಒಪ್ಪಿಗೆಯಾದರೆ ಬರೆದು ಸಹಿ ಮಾಡಿ ಕೋರ್ಟಿಗೆ ಕಳಿಸುತ್ತಾರೆ. ಆಗದಿದ್ದರೆ "ಆಗಲಿಲ್ಲ" ಅಂತ ಮಾತ್ರ ಬರೆಯುತ್ತಾರೆ, ಕೇಸು ನಿಂತಲ್ಲಿಂದ ಮುಂದುವರಿಯುತ್ತದೆ. ಯಾರ ತಪ್ಪಿನಿಂದ ಮುರಿಯಿತು ಅಂತ ನ್ಯಾಯಾಧೀಶರಿಗೆ ವರದಿ ಹೋಗುವುದಿಲ್ಲ.

ಇದು ನಿನ್ನೆ ಮೊನ್ನೆಯದೂ ಅಲ್ಲ. ಕುಟುಂಬ ನ್ಯಾಯಾಲಯಗಳ ಕಾಯ್ದೆ 1984ರಲ್ಲೇ, ಸಾಧ್ಯವಿದ್ದರೆ ಮೊದಲು ರಾಜಿಗೆ ಪ್ರಯತ್ನಿಸಬೇಕು ಎಂಬ ಹೊಣೆಯನ್ನು ನ್ಯಾಯಾಲಯಕ್ಕೆ ಹೊರಿಸಿದ್ದಾರೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2007ರಿಂದ ನಮ್ಮ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ಕೋರ್ಟಿನಿಂದ ಹೋದ ಕೇಸಿಗೆ ಅಲ್ಲಿ ಕಕ್ಷಿದಾರರು ಶುಲ್ಕ ಕಟ್ಟಬೇಕಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು, ದಾಂಪತ್ಯದ ಕೇಸುಗಳಲ್ಲಿ ಕುಟುಂಬ ನ್ಯಾಯಾಲಯಗಳು ಮಧ್ಯಸ್ಥಿಕೆಗೆ ಪ್ರಯತ್ನ ಮಾಡಲೇಬೇಕು ಅಂತ ಹೇಳಿತು. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಒಂದು ಕಾಯ್ದೆ ಮಾಡಿತು.

ಹಾಗಾದರೆ ಕಣ್ಣು ಮುಚ್ಚಿಕೊಂಡು ಹೋಗಬೇಕೆ? ಇಲ್ಲ.

ಹೋಗುವ ಮೊದಲು ಕೇಳಿಕೊಳ್ಳಿ

ನನಗಂತೂ ಹೋರಾಟವೇ ಬೇಕಿತ್ತು. ತಂಗಿಗೆ ಅನ್ಯಾಯವಾಗಿದೆ, ಅವನನ್ನು ಕಟಕಟೆಯಲ್ಲಿ ನಿಲ್ಲಿಸಬೇಕು ಎಂಬ ಹಟ. ಅವಳು ಮೂರು ವಾರ ಮಾತಾಡಲಿಲ್ಲ. ಒಂದು ರಾತ್ರಿ ಹೇಳಿದಳು, "ಅಣ್ಣಾ, ಗೆಲ್ಲಬೇಕಾಗಿರೋದು ನಿನಗೆ. ನನಗೆ ಮುಗಿಯಬೇಕು ಅಷ್ಟೆ." ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತೀರ್ಮಾನ ಅಣ್ಣನದಲ್ಲ, ಅಪ್ಪನದಲ್ಲ, ವಕೀಲರದೂ ಅಲ್ಲ. ಬಾಳಬೇಕಾದವರದು.

ಆದರೆ ಆ ತೀರ್ಮಾನಕ್ಕೆ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಲೇಬೇಕು.

ಒಂದು, ಭಯ ಇದೆಯೇ? ಹೊಡೆತ ತಿಂದ ಹೆಣ್ಣು ಹೊಡೆದವನ ಎದುರು ಕುಳಿತು ಚೌಕಾಸಿ ಮಾಡಲಾರಳು. ಅಂಥವರು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮೊದಲು ರಕ್ಷಣೆ ಪಡೆಯಬೇಕು. ಮಧ್ಯಸ್ಥಿಕೆಗೆ ಹೋದರೂ "ನಾನು ಅವರ ಜೊತೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ನನ್ನನ್ನು ಬೇರೆಯಾಗಿಯೇ ಕೇಳಿ" ಅನ್ನಬಹುದು. "ಹೊಂದಿಕೊಂಡು ಹೋಗಮ್ಮ" ಅನ್ನುವ ಮಾತೇ ಮತ್ತೆ ಮತ್ತೆ ಬಂದರೆ ಎದ್ದು ಬರಬಹುದು. ಎದ್ದು ಬಂದರೆ ಕೇಸು ಸೋಲುವುದಿಲ್ಲ.

ಎರಡು, ಎದುರಿನವರ ಆದಾಯ ಗೊತ್ತಿದೆಯೇ? ಗೊತ್ತಿಲ್ಲದೆ ಮಾಡುವ ರಾಜಿ, ಗಿರಾಕಿ ಕಾಗದದ ರೇಟು ಕೇಳದೆ ಬಿಲ್ಲಿಗೆ ಒಪ್ಪಿದ ಹಾಗೆ. 2020ರಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಆದೇಶಿಸಿದೆ. ಅದು ಕೈಗೆ ಬಂದ ಮೇಲೆ ಮಾತಿಗೆ ಕೂತುಕೊಳ್ಳಿ.

ಮೂರು, ಎದುರಿನವರಿಗೆ ನಿಜವಾಗಿ ಮುಗಿಸುವ ಮನಸ್ಸಿದೆಯೇ, ಅಥವಾ ಜೀವನಾಂಶದ ಅರ್ಜಿಯನ್ನು ಎಳೆಯಲು ಇದೊಂದು ನೆಪವೇ? ಎರಡು ಸಲ ಬಾರದೆ ತಪ್ಪಿಸಿಕೊಂಡರೆ ಮೂರನೇ ಸಲ ಕಾಯಬೇಡಿ.

ನಾಲ್ಕು, ಮಗುವಿನ ಗತಿ ಏನು? ಮನೆಯ ಭಾನುವಾರ, ಶಾಲೆಯ ರಜೆ, ಅಜ್ಜಿ ಊರಿನ ಜಾತ್ರೆ, ಇದನ್ನೆಲ್ಲ ತೀರ್ಪಿನ ಎರಡು ಸಾಲಿನಲ್ಲಿ ಹಿಡಿಸಲು ಯಾವ ನ್ಯಾಯಾಧೀಶರಿಗೂ ಆಗದು. ಮಾತಿನಲ್ಲಿ ಆಗುತ್ತದೆ. ಮಧ್ಯಸ್ಥಿಕೆಯ ದೊಡ್ಡ ಲಾಭ ಇದೇ ಅಂತ ನನಗೆ ಕಂಡದ್ದು.

ಇಂಗ್ಲಿಷಿನ ಒಂದು ಸಾಲು

ಇನ್ನು ಐದನೆಯ ಪ್ರಶ್ನೆ. ಅದಕ್ಕೇ ನಾನು ಈ ವೇದಿಕೆ ಹತ್ತಿದ್ದು. ಕಾಗದ ಯಾವ ಭಾಷೆಯಲ್ಲಿದೆ?

ತಂಗಿಯ ಮಧ್ಯಸ್ಥಿಕೆ ನಾಲ್ಕು ಸಲ ಕೂತು ಮುಗಿಯಿತು. ಮಾತೆಲ್ಲ ಕನ್ನಡದಲ್ಲೇ. ಮಧ್ಯಸ್ಥಗಾರರು ಒಳ್ಳೆಯವರು, ತಾಳ್ಮೆಯಿಂದ ಕೇಳಿದರು. ಒಪ್ಪಿಗೆಯಾದದ್ದು ಇಷ್ಟು: ಇಂತಿಷ್ಟು ಹಣ ಎರಡು ಕಂತಿನಲ್ಲಿ, ಮಗು ತಾಯಿಯ ಬಳಿ, ತಿಂಗಳಿಗೆರಡು ಭಾನುವಾರ ಅಪ್ಪನ ಬಳಿ, ಮದುವೆಯಲ್ಲಿ ನಾವು ಹಾಕಿದ್ದ 80 ಗ್ರಾಂ ಚಿನ್ನ ಮೂರು ತಿಂಗಳೊಳಗೆ ವಾಪಸ್. ಆಮೇಲೆ ಎದುರು ಕಡೆಯಿಂದ ಟೈಪಾಗಿ ಬಂತು ಒಪ್ಪಂದ. ಆರು ಪುಟ. ಅಷ್ಟೂ ಇಂಗ್ಲಿಷು!

"ಸಹಿ ಮಾಡಿ, ಮಾತಾಡಿದ್ದೇ ಇದೆ" ಅಂದರು. ತಂಗಿ ಪೆನ್ನು ತೆಗೆದುಕೊಂಡೇಬಿಟ್ಟಳು. ನನಗೆ ಕೈ ಸುಮ್ಮನಿರಲಿಲ್ಲ. ಪ್ರೆಸ್ಸಿನವನಿಗೆ ಕಾಗದ ಕಂಡರೆ ಪ್ರೂಫ್ ನೋಡುವ ಚಟ. ನನ್ನ ಇಂಗ್ಲಿಷು ಪಿಯುಸಿ ಇಂಗ್ಲಿಷು. ಬೆರಳಿಟ್ಟು ಒಂದೊಂದೇ ಪದ ಓದಿದೆ. ನಾಲ್ಕನೇ ಪುಟದಲ್ಲಿ ಚಿನ್ನದ ಸಾಲು. "ಷಲ್ ರಿಸೀವ್" ಅಂತ ಇರಬೇಕಾದ ಕಡೆ "ಹ್ಯಾಸ್ ರಿಸೀವ್ಡ್" ಅಂತಿತ್ತು. ಮುಂದೆ ಪಡೆಯುತ್ತಾಳೆ ಅಂತಲ್ಲ, ಆಗಲೇ ಪಡೆದಿದ್ದಾಳೆ ಅಂತ! ಐದನೇ ಪುಟದಲ್ಲಿ, ಮಗುವಿನ ಪರವಾಗಿ ಮುಂದೆಂದೂ ಏನನ್ನೂ ಕೇಳುವುದಿಲ್ಲ ಅಂತ ಇನ್ನೊಂದು ಸಾಲು. ಅದನ್ನು ಯಾರೂ ಮಾತಾಡಿರಲೇ ಇಲ್ಲ. ತಾಯಿ ಸಹಿ ಹಾಕಿದ ಮಾತ್ರಕ್ಕೆ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ ಅಂತ ನ್ಯಾಯಾಲಯಗಳು ಹೇಳಿವೆ, ನಿಜ. ಆದರೆ ಅದನ್ನು ಸಾಬೀತು ಮಾಡಲು ಮತ್ತೆ ಕೋರ್ಟು ಹತ್ತುವವರು ಯಾರು?

ಮೋಸವೋ, ಟೈಪಿಸ್ಟಿನ ಕೈತಪ್ಪೋ, ನಾನು ಹೇಳಲಾರೆ. ನಮ್ಮ ಕಸುಬಿನಲ್ಲಿ ಕೈತಪ್ಪೂ ಆಗುತ್ತದೆ. ಆದರೆ ಆ ಸಾಲು ಹಾಗೇ ಡಿಕ್ರಿಗೆ ಹೋಗಿದ್ದರೆ 80 ಗ್ರಾಂ ಚಿನ್ನ ನೀರಿನಲ್ಲಿ ಹೋಮ. ಮಧ್ಯಸ್ಥಗಾರರಿಗೆ ತೋರಿಸಿದೆ. ಅವರ ಮುಖ ಕೆಂಪಾಯಿತು. "ಇದನ್ನು ಕನ್ನಡದಲ್ಲಿ ಬರೆಯೋಣ" ಅಂದರು. ಅಲ್ಲೇ ಕೂತು ಬರೆದೆವು. ಆರು ಪುಟ ಎರಡೂವರೆ ಪುಟವಾಯಿತು! ತಂಗಿ ತಾನೇ ಜೋರಾಗಿ ಓದಿದಳು, ಆಮೇಲೆ ಸಹಿ ಹಾಕಿದಳು.

ಇದು ಭಿಕ್ಷೆಯಲ್ಲ, ಹಕ್ಕು

ಸಂವಿಧಾನದ 348ನೇ ವಿಧಿಯ ನೆಪದಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟು ಇಂಗ್ಲಿಷಿನಲ್ಲಿ ನಡೆಯುತ್ತವೆ. ಆ ಹೋರಾಟ ಬೇರೆ ಇದೆ. ಆದರೆ ಜಿಲ್ಲೆ ತಾಲ್ಲೂಕಿನ ಕೋರ್ಟಿಗೆ ಆ ನೆಪವಿಲ್ಲ. ಅಧೀನ ನ್ಯಾಯಾಲಯದ ಭಾಷೆ ಯಾವುದೆಂದು ಹೇಳುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಂ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಕುಟುಂಬ ನ್ಯಾಯಾಲಯದಲ್ಲಂತೂ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು ಅಂತ ಕಾಯ್ದೆಯಲ್ಲೇ ಇದೆ. ಅಂದರೆ ಗಂಡ ಹೆಂಡತಿ ತಾವೇ ಬಾಯಿಬಿಟ್ಟು ಮಾತಾಡಲಿ ಅಂತ ಮಾಡಿದ ಜಾಗ ಅದು. ತಾವೇ ಮಾತಾಡುವ ಜಾಗದಲ್ಲಿ ತಮಗೇ ತಿಳಿಯದ ಭಾಷೆಯ ಕಾಗದ ಏಕೆ? ಬಾಯಿಗೆ ಕನ್ನಡ, ಸಹಿಗೆ ಇಂಗ್ಲಿಷು, ಇದ್ಯಾವ ನ್ಯಾಯ ಸ್ವಾಮಿ?

ಆದ್ದರಿಂದ ಮೊದಲ ದಿನವೇ ಹೇಳಿಬಿಡಿ, "ಒಪ್ಪಂದ ಕನ್ನಡದಲ್ಲಿರಲಿ." ಇಂಗ್ಲಿಷ್ ಪ್ರತಿ ಬೇಕೇ ಬೇಕು ಅಂದರೆ ಕನ್ನಡ ಪ್ರತಿಯೂ ಜೊತೆಗಿರಲಿ, ಎರಡಕ್ಕೂ ಸಹಿಯಾಗಲಿ. ಪ್ರತಿ ಸಾಲನ್ನೂ ಓದಿಸಿ ಕೇಳಿ. ಹಣದ ದಿನಾಂಕ, ಚಿನ್ನದ ತೂಕ, ಮಗುವಿನ ಶಾಲೆಯ ಫೀಜು, ಬಾಕಿ ಇರುವ ಬೇರೆ ಕೇಸುಗಳು, ಎಲ್ಲ ಬರಹದಲ್ಲಿರಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕಾನೂನು ಆರು ತಿಂಗಳ ಕಾಯುವಿಕೆ ಇಟ್ಟಿದೆ. ಸೂಕ್ತ ಕೇಸಿನಲ್ಲಿ ಅದನ್ನು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಹೇಗೇ ಆಗಲಿ, ಕೊನೆಯ ಕಂತು ನ್ಯಾಯಾಧೀಶರ ಮುಂದೆ ಕೈಗೆ ಬರುವಂತೆ ಬರೆಸಿಕೊಳ್ಳಿ.

ವಕೀಲರಿಗೆ ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಯಿತು.

ನಮ್ಮ ಸಂಘಕ್ಕೆ ನನ್ನದೊಂದು ಬೇಡಿಕೆ. ರಾಜ್ಯೋತ್ಸವಕ್ಕೆ ಬ್ಯಾನರ್ ಕಟ್ಟುವ ಹುಡುಗರಲ್ಲಿ ಇಬ್ಬರು ವಾರಕ್ಕೊಂದು ದಿನ ಕೋರ್ಟಿನ ಹೊರಗೆ ಕೂರಲಿ. ಇಂಗ್ಲಿಷ್ ಕಾಗದ ಹಿಡಿದು ಅಳುತ್ತ ನಿಂತವರಿಗೆ ಅದರಲ್ಲೇನಿದೆ ಅಂತ ಓದಿ ಹೇಳಲಿ. ಅರ್ಥ ಹೇಳುವುದಷ್ಟೇ, ಕಾನೂನು ಸಲಹೆ ವಕೀಲರಿಗೆ ಬಿಡಲಿ. ಕನ್ನಡದಲ್ಲಿ ಒಪ್ಪಂದದ ಮಾದರಿ ನಮೂನೆಯನ್ನು ತಿಳಿದ ವಕೀಲರಿಂದ ಬರೆಸಿಕೊಟ್ಟರೆ ಅಚ್ಚಿನ ಖರ್ಚು ನನ್ನದು.

ತಂಗಿ ಈಗ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಚಿನ್ನ ಮೂರು ತಿಂಗಳಿಗಲ್ಲ, ನಾಲ್ಕಕ್ಕೆ ಬಂತು. ಬಂತಲ್ಲ! ಮಗು ಭಾನುವಾರ ಅಪ್ಪನ ಮನೆಗೆ ಹೋಗಿಬರುತ್ತದೆ. ನನಗೆ ಅವನ ಮುಖ ನೋಡಲು ಇನ್ನೂ ಇಷ್ಟವಿಲ್ಲ. ಆದರೆ ಅದು ನನ್ನ ಸಮಸ್ಯೆ, ಮಗುವಿನದಲ್ಲ.

ನಾನು ಸಾವಿರಾರು ಲಗ್ನಪತ್ರಿಕೆ ಅಚ್ಚು ಮಾಡಿದವನು. ಲಗ್ನಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೂ ಜನ ಬಂದು ಜಗಳವಾಡುತ್ತಾರೆ. ಬೇರೆಯಾಗುವ ಕಾಗದಕ್ಕೂ ಅಷ್ಟೇ ಜಗಳವಾಡಿ ಬಂಧುಗಳೇ. ನಿಮ್ಮ ಭಾಷೆಯಲ್ಲೇ ಕೇಳಿ, ನಿಮ್ಮ ಭಾಷೆಯಲ್ಲೇ ಓದಿ, ಆಮೇಲೆ ಸಹಿ ಹಾಕಿ.

ಸಿರಿಗನ್ನಡಂ ಗೆಲ್ಗೆ!